ನೂಲು, ಸೂಜಿ, ಬಣ್ಣ: ಮನೆಯಲ್ಲೇ ಕಸೂತಿ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಸೂತಿ ಕಲಿಯಲು ಹೊರಟವರು ಮೊದಲು ಕೇಳುವುದು ಹೊಲಿಗೆಗಳ ಹೆಸರನ್ನು. ಎರಡು ತಿಂಗಳು ಸೂಜಿ ಹಿಡಿದ ಮೇಲೆ ಅವರ ಪ್ರಶ್ನೆ ಬೇರೆಯಾಗಿರುತ್ತದೆ: ‘ಲಡಿಯಲ್ಲಿ ಅಷ್ಟು ಚೆಂದವಿದ್ದ ಬಣ್ಣ ಬಟ್ಟೆಗೆ ಇಳಿದಾಗ ಯಾಕೆ ಸಪ್ಪೆಯಾಯಿತು?’ ಹೊಲಿಗೆಯನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ತೋರಿಸಿಕೊಡಬಹುದು. ಬಣ್ಣದ ವಿಷಯಕ್ಕೆ ಸ್ವಲ್ಪ ಹೆಚ್ಚು ಮಾತು ಬೇಕು. ಅದಕ್ಕೇ ಕೆಳಗಿನ ಉತ್ತರಗಳು ಒಂದೇ ಅಳತೆಯಲ್ಲಿಲ್ಲ.

ಶುರು ಮಾಡಲು ಏನೇನು ಬೇಕು?

ಸೂಜಿ, ದಾರ, ಬಟ್ಟೆ, ಬಟ್ಟೆಯನ್ನು ಬಿಗಿದು ಹಿಡಿಯುವ ಒಂದು ರಿಂಗ್, ತುದಿ ಚೂಪಾಗಿರುವ ಸಣ್ಣ ಕತ್ತರಿ. ಬಟ್ಟೆ ಹಿಗ್ಗದ ಹತ್ತಿಯದೋ ಲಿನನ್‌ನದೋ ಆಗಿರಲಿ. ಟಿ-ಶರ್ಟಿನಂಥ ಹೆಣಿಗೆಯ ಬಟ್ಟೆ ಮೊದಲ ಕೆಲಸಕ್ಕೆ ಬೇಡ, ಅದು ಎಳೆದ ಕಡೆಗೆಲ್ಲ ಹೋಗುತ್ತದೆ. ರಿಂಗ್ 5 ಅಥವಾ 6 ಅಂಗುಲದ್ದಿರಲಿ. ಹಿಡಿದ ಕೈಯ ಬೆರಳುಗಳು ಅದರ ನಡುವಿನವರೆಗೂ ಮುಟ್ಟುವಂತಿರಬೇಕು. ಬಟ್ಟೆಯನ್ನು ಮೊದಲೇ ಒಮ್ಮೆ ಒಗೆದು ಒಣಗಿಸಿ. ಇಲ್ಲದಿದ್ದರೆ ತಿಂಗಳುಗಟ್ಟಲೆ ಮಾಡಿದ ಕೆಲಸವೆಲ್ಲ ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಿ ಮುದುರಿಕೊಳ್ಳುತ್ತದೆ. ಕತ್ತರಿಯನ್ನು ಮನೆಯಲ್ಲಿ ಯಾರಿಗೂ ಕಾಗದ ಕತ್ತರಿಸಲು ಕೊಡಬೇಡಿ. ಈ ಒಂದು ವಿಷಯದಲ್ಲಿ ಜಿಪುಣತನ ತಪ್ಪಲ್ಲ.

ಯಾವ ಸೂಜಿಗೆ ಯಾವ ಕೆಲಸ?

ಸಾಮಾನ್ಯ ಕಸೂತಿಗೆ ಮೊನೆ ಚೂಪಾಗಿ ಕಣ್ಣು ಉದ್ದವಾಗಿರುವ ಸೂಜಿ. ಎಳೆ ಎಣಿಸಿ ಮಾಡುವ ಕ್ರಾಸ್ ಸ್ಟಿಚ್‌ನಂಥ ಕೆಲಸಕ್ಕೆ ಮೊಂಡು ಮೊನೆಯ ಟೇಪೆಸ್ಟ್ರಿ ಸೂಜಿ, ಏಕೆಂದರೆ ಅದು ಬಟ್ಟೆಯ ಎಳೆಯನ್ನು ಸೀಳದೆ ನಡುವಿನ ಕಿಂಡಿಯಲ್ಲಿ ನುಸುಳುತ್ತದೆ. ದಪ್ಪ ಉಣ್ಣೆಯನ್ನು ಒತ್ತಾದ ಬಟ್ಟೆಯಲ್ಲಿ ದಾಟಿಸಬೇಕಾದರೆ ದೊಡ್ಡ ಕಣ್ಣಿನ, ಚೂಪು ಮೊನೆಯ ಶೆನಿಲ್ ಸೂಜಿ. ಒಂದೇ ಬಗೆಯ ಸೂಜಿಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣದು. ಇದನ್ನು ತಿರುಗಾಮುರುಗಾ ನೆನಪಿಟ್ಟುಕೊಂಡು ತಪ್ಪು ಪೊಟ್ಟಣ ತಂದವರು ಬಹಳ ಮಂದಿ. ಸೂಜಿ ಮಾಡಿದ ತೂತಿನಲ್ಲಿ ದಾರ ಉಜ್ಜದೆ, ಸಡಿಲವೂ ಆಗದೆ ಹಾಯುವಂತಿದ್ದರೆ ಅಳತೆ ಸರಿ.

ದಾರದಲ್ಲಿ ಇಷ್ಟೊಂದು ಬಗೆ ಯಾಕೆ? ನನಗೆ ಯಾವುದು?

ಆರು ಎಳೆಯ ಹತ್ತಿ ದಾರದಿಂದ ಶುರು ಮಾಡಿ. ಸಾಮಾನ್ಯವಾಗಿ ಒಂದು ಲಡಿಯಲ್ಲಿ 8 ಮೀಟರ್ ಇರುತ್ತದೆ, ಎಳೆಗಳನ್ನು ಬೇಕಾದಷ್ಟು ಬಿಡಿಸಿಕೊಳ್ಳಬಹುದು. ಅದರ ಹೊಳಪು ಹತ್ತಿಗೆ ಹುಟ್ಟಿನಿಂದ ಬಂದದ್ದಲ್ಲ. 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಹತ್ತಿ ಉಬ್ಬಿ ಗಟ್ಟಿಯಾಗುವುದನ್ನೂ ಬಣ್ಣವನ್ನು ಹೆಚ್ಚು ಹೀರುವುದನ್ನೂ ಕಂಡುಕೊಂಡ. ಆದರೆ ಹೊಳಪು ಬಂದದ್ದು 1890ರಲ್ಲಿ, ಹೊರೇಸ್ ಲೋ ಎಂಬಾತ ಅದೇ ಕೆಲಸವನ್ನು ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಮಾಡಿದಾಗ. ‘ಮರ್ಸರೈಸ್ಡ್’ ಎಂಬ ಚೀಟಿಯ ಅರ್ಥ ಇಷ್ಟೇ.

ಪರ್ಲ್ ಹತ್ತಿ ದಾರ ಹುರಿ ಮಾಡಿದ್ದು, ಎಳೆ ಬಿಡಿಸಲು ಬರುವುದಿಲ್ಲ. ಹೊಲಿಗೆ ಉಬ್ಬಿ ನಿಲ್ಲಬೇಕಾದ ಕಡೆ ಅದು ಒಳ್ಳೆಯದು. ಅದರಲ್ಲಿ 3, 5, 8, 12 ಎಂಬ ಸಂಖ್ಯೆಗಳಿರುತ್ತವೆ, 3 ಎಲ್ಲಕ್ಕಿಂತ ದಪ್ಪ. ಉಣ್ಣೆ ಬೆಳಕನ್ನು ಹೀರಿಕೊಂಡು ಬಣ್ಣವನ್ನು ಮೃದುವಾಗಿ ತೋರಿಸುತ್ತದೆ. ರೇಷ್ಮೆಯ ಹೊಳಪಿಗೆ ಸಮನಿಲ್ಲ, ಆದರೆ ಒರಟು ಬೆರಳಿಗೆ ಸಿಕ್ಕಿಕೊಂಡು ಸತಾಯಿಸುತ್ತದೆ. ಜರಿದಾರ, ರೇಯಾನ್ ದಾರಗಳನ್ನು ಕೈ ಕುದುರಿದ ಮೇಲೆ ತೆಗೆದುಕೊಳ್ಳಿ. ರೇಯಾನ್ ಜಾರುವಷ್ಟು ನುಣುಪು. ಹೊಸಬರ ತಾಳ್ಮೆಯನ್ನು ಒಂದೇ ದಿನದಲ್ಲಿ ಮುಗಿಸುತ್ತದೆ.

ಆರು ಎಳೆಯನ್ನೂ ಒಟ್ಟಿಗೆ ಬಳಸಬೇಕೆ?

ಬೇಡ. ಹೆಚ್ಚಿನ ಕೆಲಸಕ್ಕೆ ಎರಡು ಅಥವಾ ಮೂರು ಎಳೆ ಸಾಕು, ಕಣ್ಣು ಮೂಗಿನಂಥ ಸೂಕ್ಷ್ಮಕ್ಕೆ ಒಂದು. ಮೂರು ಎಳೆ ಬೇಕೆಂದು ಮೂರನ್ನೂ ಒಟ್ಟಿಗೆ ಎಳೆದರೆ ಸಿಕ್ಕಾಗುತ್ತದೆ. ಒಂದೊಂದೇ ಎಳೆಯನ್ನು ಮೇಲಕ್ಕೆ ಎಳೆದು ತೆಗೆದು, ಆಮೇಲೆ ತುದಿ ಸೇರಿಸಿ ಜೋಡಿಸಿ. ಹೀಗೆ ಬಿಡಿಸಿ ಕೂಡಿಸಿದ ಎಳೆಗಳು ಹುರಿ ಕಳೆದುಕೊಂಡು ಪಕ್ಕಪಕ್ಕ ಮಲಗುತ್ತವೆ, ಬಟ್ಟೆಯನ್ನು ಹೆಚ್ಚು ಮುಚ್ಚುತ್ತವೆ.

ದಾರ ಪದೇ ಪದೇ ಗಂಟಾಗುತ್ತದೆ, ಕೊನೆಕೊನೆಗೆ ಜುಂಗು ಏಳುತ್ತದೆ. ಏನು ಮಾಡಲಿ?

ದಾರ ಉದ್ದವಾಯಿತು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ, ಅಂದರೆ ಸುಮಾರು 18 ಅಂಗುಲ, ಅಷ್ಟೇ ಕತ್ತರಿಸಿ. ಮತ್ತೆ ಮತ್ತೆ ಸೂಜಿಗೆ ಪೋಣಿಸುವುದು ಬೇಸರವೆಂದು ಎರಡು ಮೊಳ ತೆಗೆದುಕೊಂಡರೆ ಅದೇ ದಾರ ನೂರಾರು ಸಲ ಬಟ್ಟೆಯೊಳಗೆ ಉಜ್ಜಿ ಸವೆಯುತ್ತದೆ, ಹೊಳಪು ಹೋಗುತ್ತದೆ. ಬಣ್ಣ ಸಪ್ಪೆಯಾಗಲು ಇದೂ ಒಂದು ಕಾರಣವೇ. ಹತ್ತಿಪ್ಪತ್ತು ಹೊಲಿಗೆಗೊಮ್ಮೆ ಸೂಜಿಯನ್ನು ಕೈಬಿಟ್ಟು ಬಟ್ಟೆಯಿಂದ ಕೆಳಗೆ ತೂಗಲು ಬಿಡಿ. ಅದು ತಾನೇ ಗಿರಗಿರನೆ ತಿರುಗಿ ಹೆಚ್ಚಾದ ಹುರಿಯನ್ನು ಬಿಚ್ಚಿಕೊಳ್ಳುತ್ತದೆ.

ಮೊದಲಿಗೆ ಎಷ್ಟು ಹೊಲಿಗೆ ಕಲಿಯಬೇಕು?

ಆರು ಸಾಕು: ರನ್ನಿಂಗ್, ಬ್ಯಾಕ್ ಸ್ಟಿಚ್, ಸ್ಟೆಮ್, ಸರಪಳಿ, ಸ್ಯಾಟಿನ್, ಫ್ರೆಂಚ್ ಗಂಟು. ಮೊದಲ ನಾಲ್ಕು ಗೆರೆ ಎಳೆಯುತ್ತವೆ, ಸ್ಯಾಟಿನ್ ಜಾಗ ತುಂಬುತ್ತದೆ, ಗಂಟು ಚುಕ್ಕೆ ಇಡುತ್ತದೆ. ಗೆರೆ, ತುಂಬು, ಚುಕ್ಕೆ ಬಂದರೆ ಬಿಡಿಸಲಾಗದ ಚಿತ್ರವೇ ಇಲ್ಲ. ಸರಪಳಿ ಹೊಲಿಗೆಯನ್ನು ಸಾಲಿಗೆ ಸಾಲು ಒತ್ತಿ ಹಾಕಿದರೆ ಅದೂ ತುಂಬುವ ಹೊಲಿಗೆಯೇ ಆಗುತ್ತದೆ.

ಲಡಿಯಲ್ಲಿ ಚೆಂದ ಕಂಡ ಬಣ್ಣ ಬಟ್ಟೆಯ ಮೇಲೆ ಬೇರೆಯೇ ಕಾಣುತ್ತದೆ. ದಾರ ಕಳಪೆಯೆ?

ಹೆಚ್ಚಿನ ಸಲ ದಾರದ ತಪ್ಪಲ್ಲ, ಪಕ್ಕದ ಬಣ್ಣದ ತಪ್ಪು.

ಪ್ಯಾರಿಸ್‌ನಲ್ಲಿ ಗೋಬ್ಲಾಂ ಎಂಬ ಹೆಸರಾಂತ ಚಿತ್ರನೇಯ್ಗೆಯ ಕಾರ್ಖಾನೆಯಿದೆ. ರಸಾಯನಶಾಸ್ತ್ರಜ್ಞ ಮಿಶೆಲ್ ಯುಜೀನ್ ಶೆವ್ರೂಲ್ ಅಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದಾಗ ದೂರೊಂದು ಬಂತು: ನೀಲಿ, ನೇರಳೆಗಳ ನೆರಳು ನೇಯಲು ಬಳಸುವ ಕಪ್ಪು ಉಣ್ಣೆಗೆ ಕಸುವಿಲ್ಲ. ಆತ ಆ ಕಪ್ಪನ್ನು ಬೇರೆ ಕಡೆಯ ಕಪ್ಪಿನೊಂದಿಗೆ ಇಟ್ಟು ನೋಡಿದ, ಬಣ್ಣದಲ್ಲಿ ಕೊರತೆಯಿರಲಿಲ್ಲ. ಪಕ್ಕದಲ್ಲಿದ್ದ ನೀಲಿಯೇ ನೋಡುವವರ ಕಣ್ಣಿನಲ್ಲಿ ಕಪ್ಪನ್ನು ಕೆಡಿಸುತ್ತಿತ್ತು. ಈ ಜಾಡು ಹಿಡಿದು 1839ರಲ್ಲಿ ಆತ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಎರಡು ಬಣ್ಣ ಅಕ್ಕಪಕ್ಕ ಬಂದಾಗ ಕಣ್ಣು ಅವುಗಳ ನಡುವಿನ ವ್ಯತ್ಯಾಸವನ್ನು ಹಿಗ್ಗಿಸಿ ಕಾಣುತ್ತದೆ ಎಂಬುದು ಅದರ ಸಾರ. ಬಣ್ಣದ ಈ ನಿಯಮ ಹೊರಬಂದದ್ದು ಚಿತ್ರಕಾರರ ಕೋಣೆಯಿಂದಲ್ಲ, ನೂಲಿನವರ ದೂರಿನಿಂದ ಎಂಬುದು ನನಗೆ ಯಾವತ್ತೂ ಖುಷಿ ಕೊಡುವ ಸಂಗತಿ.

ನಮ್ಮ ಕೆಲಸಕ್ಕೆ ಇದರ ಅರ್ಥ ಹೀಗೆ. ಬೂದುಬಣ್ಣವನ್ನು ಕೆಂಪಿನ ನಡುವೆ ಇಟ್ಟರೆ ಅದಕ್ಕೆ ಹಸಿರಿನ ಛಾಯೆ ಬರುತ್ತದೆ. ಹಸಿರಿನ ನಡುವೆ ಇಟ್ಟರೆ ಅದೇ ಬೂದು ತುಸು ಕೆಂಪಾಗುತ್ತದೆ. ಹಳದಿ ಹೂವು ಬಿಳಿ ಬಟ್ಟೆಯಲ್ಲಿ ಕಳೆದುಹೋಗುತ್ತದೆ, ಗಾಢ ನೀಲಿಯ ಮೇಲೆ ಉರಿಯುತ್ತದೆ. ಆದ್ದರಿಂದ ದಾರವನ್ನು ಲಡಿ ನೋಡಿ ಆರಿಸಬೇಡಿ. ಒಂದೊಂದು ಎಳೆಯನ್ನು ನೀವು ಹೊಲಿಯಲಿರುವ ಬಟ್ಟೆಯ ಮೇಲೆಯೇ, ಅದರ ಪಕ್ಕ ಬರಲಿರುವ ಬಣ್ಣದ ಜೊತೆ ಇಟ್ಟು, ಹಗಲು ಬೆಳಕಿನಲ್ಲಿ ನೋಡಿ. ವಿದ್ಯುದ್ದೀಪದಡಿಯಲ್ಲಿ ಒಂದೇ ಎನಿಸಿದ ಎರಡು ಕೆಂಪುಗಳು ಬೆಳಗಾದಾಗ ಬೇರೆ ಬೇರೆ ಮನೆಯವಾಗಿರುತ್ತವೆ.

ಇನ್ನೊಂದು ಕಾರಣ ಹೊಲಿಗೆಯ ದಿಕ್ಕು. ಹೊಳಪಿನ ದಾರ ಅಡ್ಡ ಮಲಗಿದಾಗ ಒಂದು ಬಣ್ಣ, ನೆಟ್ಟಗೆ ಮಲಗಿದಾಗ ಇನ್ನೊಂದು. ಒಂದು ಎಲೆಯ ಎರಡು ಹೋಳುಗಳನ್ನು ಒಂದೇ ಹಸಿರಿನಲ್ಲಿ, ಎದುರುಬದುರು ಓರೆಯಲ್ಲಿ ತುಂಬಿ ನೋಡಿ. ಎರಡು ಹಸಿರು ಕಾಣದಿದ್ದರೆ ಕೇಳಿ. ಇದು ಗೊತ್ತಿಲ್ಲದೆ ಒಂದೇ ದಳದಲ್ಲಿ ದಿಕ್ಕು ತಪ್ಪಿಸಿದವರಿಗೆ ಬಣ್ಣ ತೇಪೆತೇಪೆಯಾಗಿ ಕಾಣುತ್ತದೆ.

ಬಣ್ಣಗಳ ಹೊಂದಾಣಿಕೆ ಸರಿಯಿದೆಯೇ ಎಂದು ಹೊಲಿಯುವ ಮೊದಲೇ ತಿಳಿಯುವುದು ಹೇಗೆ?

ಆರಿಸಿದ ದಾರಗಳನ್ನೆಲ್ಲ ಸಾಲಾಗಿ ಇಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದು ಕಪ್ಪು-ಬಿಳುಪಿಗೆ ಬದಲಿಸಿ. ಎಲ್ಲವೂ ಒಂದೇ ಬೂದುಬಣ್ಣವಾಗಿ ಕಂಡರೆ ಹೊಲಿದ ಮೇಲೆ ಚಿತ್ರ ದೂರದಿಂದ ಕಲಸಿಹೋಗುತ್ತದೆ, ಬಣ್ಣಗಳು ಎಷ್ಟೇ ಬೇರೆಯಾಗಿರಲಿ. ಗಾಢ, ನಡುವಣ, ತಿಳಿ ಮೂರೂ ಬೇಕು. ನನ್ನ ಪಾಲಿಗೆ ಯಾವ ಬಣ್ಣಚಕ್ರಕ್ಕಿಂತಲೂ ಈ ಪರೀಕ್ಷೆ ಹೆಚ್ಚು ಸಲ ಕೈಹಿಡಿದಿದೆ.

ವರ್ಣಮಯವಾಗಿ ಕಾಣಲು ಎಷ್ಟು ಬಣ್ಣ ಬೇಕು?

ಅಂದುಕೊಂಡದ್ದಕ್ಕಿಂತ ಕಡಿಮೆ. ಫ್ರಾನ್ಸಿನ ಬಯೋ ಪಟ್ಟಿ 11ನೇ ಶತಮಾನದ್ದು, ಸುಮಾರು 70 ಮೀಟರ್ ಉದ್ದ. ಟೇಪೆಸ್ಟ್ರಿ ಎಂದು ಕರೆಯುತ್ತಾರಾದರೂ ಅದು ನೇಯ್ದದ್ದಲ್ಲ, ಲಿನನ್ ಮೇಲೆ ಉಣ್ಣೆಯಲ್ಲಿ ಮಾಡಿದ ಕಸೂತಿ. ಅಷ್ಟು ಜನ, ಕುದುರೆ, ಹಡಗುಗಳಿಗೆ ಬಳಸಿರುವುದು ಸುಮಾರು ಹತ್ತು ಬಣ್ಣ. ಕುದುರೆಗಳು ನೀಲಿಯೂ ಇವೆ, ಯಾರಿಗೂ ಅದು ಅಡ್ಡಬರುವುದಿಲ್ಲ. ಅಂಗೈ ಅಗಲದ ಚಿತ್ರಕ್ಕೆ ಐದು ಬಣ್ಣ ಸಾಕು: ಒಂದರದೇ ಮೂರು ಛಾಯೆ, ಅದಕ್ಕೆ ಎದುರಾದ ಒಂದು ಬಣ್ಣ ಚೂರೇಚೂರು, ಮತ್ತೆ ಎಲ್ಲವನ್ನೂ ಕೂಡಿಸುವ ಒಂದು ಮಂದ ಬಣ್ಣ. ಮಂದ ಬಣ್ಣವನ್ನು ಯಾರೂ ಕೊಳ್ಳುವುದಿಲ್ಲ, ಅದಿಲ್ಲದೆ ಉಳಿದವು ಹೊಳೆಯುವುದೂ ಇಲ್ಲ.

ಒಂದು ಛಾಯೆಯಿಂದ ಇನ್ನೊಂದಕ್ಕೆ ಗೆರೆ ಬೀಳದಂತೆ ಸಾಗುವುದು ಹೇಗೆ?

ಉದ್ದ ಮತ್ತು ಗಿಡ್ಡ ಹೊಲಿಗೆಗಳನ್ನು ಬೆರೆಸಿ. ಮೊದಲ ಸಾಲಿನ ಒಳತುದಿ ಬಾಚಣಿಗೆಯ ಹಲ್ಲಿನಂತೆ ಏರುಪೇರಾಗಿರಲಿ; ಎರಡನೆಯ ಬಣ್ಣ ಆ ಹಲ್ಲುಗಳ ನಡುವೆ, ಹಿಂದಿನ ಹೊಲಿಗೆಯ ದಾರವನ್ನೇ ಸೀಳಿಕೊಂಡು ಹೊರಡಲಿ. ಇನ್ನೂ ಸುಲಭದ ದಾರಿ, ಸೂಜಿಯಲ್ಲಿ ಎರಡು ಛಾಯೆಯ ಒಂದೊಂದು ಎಳೆಯನ್ನು ಒಟ್ಟಿಗೆ ಪೋಣಿಸಿ ನಡುವಿನ ಸಾಲು ಹಾಕುವುದು. ನೂಲಿನಲ್ಲಿ ಬಣ್ಣ ಕಲಸಲು ಬಟ್ಟಲಿಲ್ಲ, ಕಣ್ಣಿನಲ್ಲೇ ಕಲಸಬೇಕು.

ನನ್ನ ಸ್ಯಾಟಿನ್ ಹೊಲಿಗೆ ಅಂಚಿನಲ್ಲಿ ಒರಟಾಗಿದೆ.

ಗೆರೆಯ ಮೇಲೆ ಮೊದಲು ಸಣ್ಣ ಬ್ಯಾಕ್ ಸ್ಟಿಚ್ ಹಾಕಿ, ಅದನ್ನು ಒಳಗೆ ಹಾಕಿಕೊಂಡು ಹೊರಬದಿಯಿಂದ ಸೂಜಿ ಇಳಿಸಿ. ಆಕಾರದ ನಡುವಿನಿಂದ ಶುರು ಮಾಡಿ ಒಂದು ಪಕ್ಕ ಮುಗಿಸಿ, ಮತ್ತೆ ನಡುವಿಗೆ ಬಂದು ಇನ್ನೊಂದು ಪಕ್ಕಕ್ಕೆ ಹೋಗಿ. ಒಂದು ಸೆಂಟಿಮೀಟರಿಗಿಂತ ಉದ್ದವಾದ ಹೊಲಿಗೆ ಬಳಕೆಯ ಬಟ್ಟೆಯಲ್ಲಿ ಸಡಿಲಗೊಂಡು ಸಿಕ್ಕಿಕೊಳ್ಳುತ್ತದೆ.

ರಿಂಗಿನಿಂದ ತೆಗೆದ ಕೂಡಲೇ ಬಟ್ಟೆ ಮುದುರಿಕೊಳ್ಳುತ್ತದೆ.

ದಾರವನ್ನು ಬಿಗಿಯಾಗಿ ಜಗ್ಗುತ್ತಿದ್ದೀರಿ, ಅಥವಾ ರಿಂಗಿನಲ್ಲಿ ಬಟ್ಟೆ ಜೋಲುತ್ತಿದೆ. ಬಟ್ಟೆ ತಮಟೆಯಂತೆ ಬಿಗಿದಿರಲಿ, ದಾರ ಬಟ್ಟೆಯ ಮೇಲೆ ಸುಮ್ಮನೆ ಮಲಗಲಿ. ಒಳಬಳೆಗೆ ಹತ್ತಿ ಪಟ್ಟಿ ಸುತ್ತಿದರೆ ಬಟ್ಟೆ ಜಾರದು. ದಿನದ ಕೆಲಸ ಮುಗಿದ ಮೇಲೆ ರಿಂಗ್ ಬಿಚ್ಚಿಡಿ, ವಾರಗಟ್ಟಲೆ ಬಿಟ್ಟರೆ ಬಿದ್ದ ಸುತ್ತುಗೆರೆ ಸುಲಭಕ್ಕೆ ಹೋಗುವುದಿಲ್ಲ.

ಚಿತ್ರವನ್ನು ಬಟ್ಟೆಗೆ ಇಳಿಸುವುದು ಹೇಗೆ?

ತಿಳಿ ಬಟ್ಟೆಯಾದರೆ ಚಿತ್ರವನ್ನು ಹಿಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ತಿದ್ದಿ. ಗಾಢ ಬಟ್ಟೆಗೆ ನೀರಿನಲ್ಲಿ ಕರಗುವ ಹಾಳೆ ಅಥವಾ ಬಿಳಿ ಟ್ರೇಸಿಂಗ್ ಕಾಗದ. ನೀರಿಗೆ ಹೋಗುವ ಪೆನ್ನಿನ ಗುರುತನ್ನು ತೊಳೆಯುವ ಮೊದಲು ಇಸ್ತ್ರಿ ಮಾಡಬೇಡಿ, ಕಾವಿಗೆ ಅದು ಬಟ್ಟೆಗೆ ಕಚ್ಚಿಕೊಳ್ಳಬಹುದು. ಕಾವಿಗೆ ಮಾಯವಾಗುವ ಪೆನ್ನಿನದು ತದ್ವಿರುದ್ಧ ಕಥೆ: ತೀರಾ ಚಳಿಯಲ್ಲಿ ಗೆರೆ ಮತ್ತೆ ಎದ್ದು ಬರಬಹುದು. ಇಸ್ತ್ರಿಯಿಂದ ಒತ್ತಿ ಇಳಿಸುವ ಹಾಳೆಯಲ್ಲಿ ಚಿತ್ರ ಕನ್ನಡಿಬಿಂಬವಾಗಿ ಬರುತ್ತದೆ. ಅಕ್ಷರ ಬರೆಯುವವರು ಇದನ್ನು ಮರೆತರೆ ಹೆಸರು ಬಲದಿಂದ ಎಡಕ್ಕೆ ಓಡುತ್ತದೆ.

ಕ್ರಾಸ್ ಸ್ಟಿಚ್‌ಗೆ ಎಷ್ಟು ಬಟ್ಟೆ ಬೇಕೆಂದು ಲೆಕ್ಕ ಹಾಕುವುದು ಹೇಗೆ?

ಹೊಲಿಗೆಗಳ ಸಂಖ್ಯೆಯನ್ನು ಬಟ್ಟೆಯ ಎಣಿಕೆಯಿಂದ ಭಾಗಿಸಿ. 14 ಎಣಿಕೆಯ ಐಡಾ ಬಟ್ಟೆಯಲ್ಲಿ ಅಂಗುಲಕ್ಕೆ 14 ಚೌಕ. 140 ಹೊಲಿಗೆಯ ಚಿತ್ರ 10 ಅಂಗುಲ ಬರುತ್ತದೆ. ಸುತ್ತ ಮೂರು ಮೂರು ಅಂಗುಲ ಬಿಟ್ಟರೆ 16. ಎಣಿಕೆ 28ರ ಬಟ್ಟೆಯಲ್ಲಿ ಎರಡೆರಡು ಎಳೆಗೆ ಒಂದು ಹೊಲಿಗೆ ಹಾಕಿದರೂ ಅದೇ ಅಳತೆ. ಮೇಲಿನ ಓರೆ ಎಲ್ಲ ಕಡೆಯೂ ಒಂದೇ ದಿಕ್ಕಿಗಿರಲಿ. ಕಾರಣ ಮೇಲೆ ಹೇಳಿದ್ದೇ, ದಿಕ್ಕು ತಪ್ಪಿದರೆ ಬಣ್ಣ ಬದಲಾಗುತ್ತದೆ.

ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟಾಗಿರಬೇಕೆ?

ಇದನ್ನೊಂದು ಗೌರವದ ಪ್ರಶ್ನೆ ಮಾಡಿಕೊಂಡು ಕಸೂತಿಯನ್ನೇ ಬಿಟ್ಟವರಿದ್ದಾರೆ. ಗೋಡೆಗೆ ಹಾಕುವ ಚಿತ್ರದ ಬೆನ್ನನ್ನು ನೋಡುವವರು ಯಾರು? ಆದರೆ ಎರಡು ವಿಷಯ ನಿಜವಾಗಿಯೂ ಮುಖ್ಯ. ತಿಳಿ ಬಟ್ಟೆಯ ಹಿಂದೆ ಗಾಢ ದಾರವನ್ನು ದೂರಕ್ಕೆ ಹಾರಿಸಿದರೆ ಅದು ಮುಂದಕ್ಕೆ ನೆರಳಾಗಿ ಕಾಣುತ್ತದೆ. ಗಂಟು ಹಾಕಿದರೆ ಇಸ್ತ್ರಿಯಲ್ಲಿ ಉಬ್ಬು ಏಳುತ್ತದೆ, ಒಗೆದಾಗ ಬಿಚ್ಚಿಕೊಳ್ಳಲೂಬಹುದು. ತುದಿಯನ್ನು ಹಿಂದಿನ ನಾಲ್ಕೈದು ಹೊಲಿಗೆಯಡಿ ನುಸುಳಿಸಿ ಕತ್ತರಿಸುವುದು ಒಳ್ಳೆಯದು. ಎರಡು ಎಳೆಯಲ್ಲಿ ಹೊಲಿಯುವಾಗ ಇನ್ನೂ ಸುಲಭ: ಒಂದೇ ಉದ್ದದ ಎಳೆಯನ್ನು ಮಡಚಿ ಎರಡು ತುದಿಯನ್ನೂ ಸೂಜಿಗೆ ಪೋಣಿಸಿ, ಮೊದಲ ಹೊಲಿಗೆ ಮುಗಿದಾಗ ಹಿಂದಿರುವ ಕುಣಿಕೆಯೊಳಗೆ ಸೂಜಿ ಹಾಯಿಸಿ ಎಳೆಯಿರಿ.

ಎರಡೂ ಬದಿ ಒಂದೇ ಆಗಿರಬೇಕೆಂಬ ಹಟ ಹೊಲಿಗೆಯಲ್ಲೇ ಸೇರಿಕೊಂಡಿರುವುದೂ ಉಂಟು. ಉತ್ತರ ಕರ್ನಾಟಕದ, ಎಳೆ ಎಣಿಸಿ ಮಾಡುವ ಸಾಂಪ್ರದಾಯಿಕ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಹೋಗುತ್ತಾ ಒಂದು ಬಿಟ್ಟು ಒಂದು ಹಾಕಿ, ಬರುತ್ತಾ ಬಿಟ್ಟ ಜಾಗ ತುಂಬುತ್ತಾರೆ. ಗಂಟಿಲ್ಲ, ಉಲ್ಟಾ-ಸುಲ್ಟಾ ಎಂಬುದಿಲ್ಲ. ಅದೇ ಕಸೂತಿಯ ನೇಗಿ ಮತ್ತು ಮೆಂತಿ ಹೊಲಿಗೆಗಳಿಗೆ ಆ ಕಟ್ಟುಪಾಡಿಲ್ಲ.

ಉಣ್ಣೆ ನೂಲಿನಿಂದ ಗೋಡೆಯ ತೂಗುಚಿತ್ರ ನೇಯಬೇಕು. ಮಗ್ಗವಿಲ್ಲ.

ಗಟ್ಟಿ ರಟ್ಟು ಸಾಕು. ಮೇಲಂಚು ಕೆಳಂಚಿನಲ್ಲಿ ಅರ್ಧ ಸೆಂಟಿಮೀಟರಿಗೊಂದರಂತೆ ಸೀಳು ಮಾಡಿ, ಹಿಗ್ಗದ ಹತ್ತಿ ದಾರವನ್ನು ಹಾಸಾಗಿ, ಅಂದರೆ ಮೇಲಿಂದ ಕೆಳಕ್ಕೆ, ಎಳೆದು ಕಟ್ಟಿ. ಬಣ್ಣದ ನೂಲೆಲ್ಲ ಅಡ್ಡ ಹಾಯುವ ಹೊಕ್ಕಿಗೆ. ಹೊಸಬರಿಗೆ ತಪ್ಪದೆ ಆಗುವ ಅನಾಹುತವೆಂದರೆ ನೇಯುತ್ತಾ ಹೋದಂತೆ ನಡು ಸಣ್ಣಗಾಗಿ ಚಿತ್ರ ಡಮರುಗದ ಆಕಾರಕ್ಕೆ ಬರುವುದು. ಹೊಕ್ಕನ್ನು ನೇರವಾಗಿ ಎಳೆಯುವುದೇ ಇದಕ್ಕೆ ಕಾರಣ. ಪ್ರತಿ ಸಾಲಿನಲ್ಲೂ ನೂಲನ್ನು ಬೆಟ್ಟದಂತೆ ಬಾಗಿಸಿ ಬಿಟ್ಟು, ಆಮೇಲೆ ಬಾಚಣಿಗೆ ಅಥವಾ ಫೋರ್ಕಿನಿಂದ ಕೆಳಕ್ಕೆ ಒತ್ತಿ. ಹಾಸಿನ ಮೇಲೂ ಕೆಳಗೂ ಸುತ್ತಿ ಹೋಗಲು ಹೊಕ್ಕಿಗೆ ಹೆಚ್ಚು ಉದ್ದ ಬೇಕು, ಆ ಬಾಗು ಅದನ್ನು ಒದಗಿಸುತ್ತದೆ. ಎರಡು ಬಣ್ಣ ನೆಟ್ಟನೆಯ ಗೆರೆಯಲ್ಲಿ ಎದುರಾದರೆ ನಡುವೆ ಸೀಳು ಉಳಿಯುತ್ತದೆ. ಸೀಳು ಬೇಡವಾದರೆ ಎರಡು ನೂಲನ್ನೂ ಒಂದಕ್ಕೊಂದು ಕೊಂಡಿ ಹಾಕಿಸಿ ಹಿಂದಿರುಗಿಸಿ.

ಮುಗಿದ ಕೆಲಸವನ್ನು ಒಗೆಯುವಾಗ ಬಣ್ಣ ಬಿಟ್ಟಿತು!

ಬಟ್ಟೆ ಇನ್ನೂ ಒದ್ದೆಯಿದೆಯೇ? ಹಾಗಾದರೆ ಒಣಗಲು ಬಿಡಬೇಡಿ, ಇಸ್ತ್ರಿಯ ಹತ್ತಿರವೂ ಒಯ್ಯಬೇಡಿ. ದೊಡ್ಡ ಪಾತ್ರೆಯ ತುಂಬ ತಣ್ಣೀರಿನಲ್ಲಿ ಮುಳುಗಿಸಿ, ನೀರು ಬಣ್ಣಗೊಂಡಂತೆಲ್ಲ ಬದಲಿಸುತ್ತಾ ಹೋಗಿ. ಗಂಟೆಗಟ್ಟಲೆ ಹಿಡಿದರೂ ಬೇಸರಿಸಬೇಡಿ. ಬಿಳಿ ಲಿನನ್ ಮೇಲೆ ಕೆಂಪು ಅಂಚು ಹೊಲಿದು, ಒದ್ದೆಯನ್ನೇ ಮಡಚಿ ರಾತ್ರಿಯಿಡೀ ಇಟ್ಟ ಮೂರ್ಖತನ ನನ್ನದೂ ಇದೆ. ಬೆಳಿಗ್ಗೆ ನಾಲ್ಕೂ ಮಡಿಕೆಗಳಲ್ಲಿ ಗುಲಾಬಿ ಗೆರೆ. ಆ ಬಟ್ಟೆ ಈಗ ದಾರದ ಡಬ್ಬಿಯ ತಳಕ್ಕೆ ಹಾಸಾಗಿದೆ. ಅಂದಿನಿಂದ ಕೆಂಪು, ಗಾಢ ನೀಲಿ, ಕಪ್ಪು ದಾರಗಳ ತುಂಡನ್ನು ಒದ್ದೆ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡದೆ ಸೂಜಿಗೆ ಪೋಣಿಸುವುದಿಲ್ಲ.

ಉಣ್ಣೆಯ ಕೆಲಸವನ್ನು ಬಿಸಿನೀರಿನಲ್ಲಿ ಉಜ್ಜಬೇಡಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಪೊರೆಗಳಿವೆ. ಕಾವು, ತೇವ, ಉಜ್ಜುವಿಕೆ ಮೂರೂ ಕೂಡಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ನೂಲು ಕಂಬಳಿಗಟ್ಟುತ್ತದೆ. ಫೆಲ್ಟ್ ಮಾಡುವವರಿಗೆ ಇದೇ ವಿದ್ಯೆ, ನಮಗೆ ಅದು ವಿಪತ್ತು.

ಮನೆಯಲ್ಲೇ ನೂಲಿಗೆ ಬಣ್ಣ ಹಾಕಬಹುದೆ?

ಹಾಕಬಹುದು, ಅಡುಗೆಗೆ ಮತ್ತೆಂದೂ ಬಳಸದ ಪಾತ್ರೆಯಲ್ಲಿ. ಉಣ್ಣೆ, ರೇಷ್ಮೆ ಬೇಗ ಬಣ್ಣ ಹಿಡಿಯುತ್ತವೆ. ಮೊದಲು ಪಟಿಕದಲ್ಲಿ ಕಾಯಿಸಬೇಕು, ಒಣ ನೂಲಿನ ತೂಕದ ಶೇ. 10ರಿಂದ 15ರಷ್ಟು ಪಟಿಕ ಸಾಕು. ಹತ್ತಿ ಹಟಮಾರಿ; ಅದಕ್ಕೆ ಪಟಿಕದ ಮೊದಲು ಒಗರಿನ ಕಷಾಯ ಕುಡಿಸಬೇಕು. ಅರಿಶಿನದ ಹಳದಿ ಕಣ್ಣು ಕೋರೈಸುತ್ತದೆ, ಬಿಸಿಲಿಗೆ ಅಷ್ಟೇ ಬೇಗ ಓಡಿಹೋಗುತ್ತದೆ. ಮಂಜಿಷ್ಠದ ಕೆಂಪು ನಿಲ್ಲುತ್ತದೆ. ನೀಲಿಗೆ, ಅಂದರೆ ಇಂಡಿಗೋಗೆ, ಪಟಿಕವೇ ಬೇಡ, ಆದರೆ ಅದು ನೀರಿನಲ್ಲಿ ಕರಗುವುದೂ ಇಲ್ಲ. ಅದರ ತೊಟ್ಟಿಯನ್ನು ಹದ ಮಾಡಿದಾಗ ನೂಲು ಹಳದಿ-ಹಸಿರಾಗಿ ಹೊರಬಂದು ಗಾಳಿ ತಾಗಿದ ಮೇಲೆ ಕಣ್ಣೆದುರೇ ನೀಲಿಯಾಗುತ್ತದೆ. ಒಮ್ಮೆಯಾದರೂ ನೋಡಬೇಕಾದ ಗಳಿಗೆ ಅದು.

ದಾರ ಎಷ್ಟು ಬೇಕೆಂದು ಮೊದಲೇ ಗೊತ್ತಾಗುವುದೆ?

ಒಂದು ಚದರ ಅಂಗುಲ ಹೊಲಿದು ಎಷ್ಟು ದಾರ ಹೋಯಿತೆಂದು ಅಳೆಯಿರಿ, ಗುಣಿಸಿ, ಮೇಲೆ ಕಾಲುಭಾಗ ಸೇರಿಸಿ. ದೊಡ್ಡ ಹಿನ್ನೆಲೆಗೆ ಎಲ್ಲ ಲಡಿಗಳನ್ನೂ ಒಟ್ಟಿಗೇ ಕೊಳ್ಳಿ. ಬೇರೆ ಬೇರೆ ಕೊಪ್ಪರಿಗೆಯಲ್ಲಿ ಅದ್ದಿದ ಒಂದೇ ಸಂಖ್ಯೆಯ ಬಣ್ಣ ಕೂದಲೆಳೆಯಷ್ಟು ಬೇರೆಯಿರಬಹುದು, ಆ ಕೂದಲೆಳೆ ಗೋಡೆಯ ಮೇಲೆ ಗೆರೆಯಾಗಿ ಕಾಣುತ್ತದೆ.

ನಾನು ಎಡಗೈಯವಳು.

ಹೊಲಿಗೆ ತೋರಿಸುವ ಚಿತ್ರವನ್ನು ಕನ್ನಡಿಯಲ್ಲಿ ನೋಡಿ ಮಾಡಿ. ದೀಪ ಬಲಗಡೆಯಿಂದ ಬರಲಿ, ಬಲಗೈಯವರಿಗೆ ಎಡಗಡೆಯಿಂದ.

ಮುಗಿದ ಕೆಲಸವನ್ನು ಇಸ್ತ್ರಿ ಮಾಡಿ ಕಾಪಿಡುವುದು ಹೇಗೆ?

ದಪ್ಪ ಟವೆಲಿನ ಮೇಲೆ ಕಸೂತಿಯನ್ನು ಕವುಚಿ ಹಾಕಿ ಬೆನ್ನಿನಿಂದ ಒತ್ತಿ, ಹೊಲಿಗೆ ಚಪ್ಪಟೆಯಾಗದು. ಅಕ್ರಿಲಿಕ್ ನೂಲಿಗೆ ಬಿಸಿ ಇಸ್ತ್ರಿ ತಾಗಿದರೆ ಅದು ಮೆತ್ತಗಾಗಿ ಜೋತುಬೀಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಗಾಜಿನ ಚೌಕಟ್ಟು ಹಾಕಿಸುವುದಾದರೆ ಗಾಜು ದಾರಕ್ಕೆ ತಾಗದಂತೆ ನಡುವೆ ಪಟ್ಟಿ ಇರಿಸಿ, ನೇರ ಬಿಸಿಲು ಬೀಳುವ ಗೋಡೆ ಬೇಡ. ಹಳೆಯ ಕಸೂತಿಗಳನ್ನು ತಿರುಗಿಸಿ ನೋಡಿದವರಿಗೆ ಗೊತ್ತು, ಮೊದಲಿನ ಬಣ್ಣ ಬೆಳಕು ಕಾಣದ ಬೆನ್ನಲ್ಲೇ ಉಳಿದಿರುತ್ತದೆ. ಎತ್ತಿಡುವಾಗ ಮಡಚದೆ ಸುತ್ತಿ, ಪ್ಲಾಸ್ಟಿಕ್ ಬಿಟ್ಟು ಹತ್ತಿ ಬಟ್ಟೆಯಲ್ಲಿ ಇಡಿ. ಉಣ್ಣೆಗೆ ನುಸಿ ಬಿದ್ದ ಅನುಮಾನವಿದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲ ಕೋಣೆಯ ಕಾವಿಗೆ ಬರುವವರೆಗೂ ಬಿಚ್ಚಬೇಡಿ, ತೇವ ಕೂರುತ್ತದೆ.

ಉಳಿದ ತುಂಡು ದಾರಗಳನ್ನು ಏನು ಮಾಡಲಿ?

ಬೆರಳುದ್ದಕ್ಕಿಂತ ಉದ್ದವಿರುವುದನ್ನು ಗಾಜಿನ ಭರಣಿಯಲ್ಲಿ ಹಾಕಿಡಿ. ಬಣ್ಣ ಆರಿಸುವಾಗ ಲಡಿಯನ್ನು ಕತ್ತರಿಸದೆ ಬಟ್ಟೆಯ ಮೇಲೆ ಇಟ್ಟು ನೋಡಲು ಇವೇ ಬೇಕಾಗುತ್ತವೆ. ಒಮ್ಮೊಮ್ಮೆ ಭರಣಿಯೊಳಗೆ ತಾವಾಗಿಯೇ ಅಕ್ಕಪಕ್ಕ ಬಿದ್ದ ಎರಡು ಬಣ್ಣಗಳು, ಗಂಟೆಗಟ್ಟಲೆ ಯೋಚಿಸಿ ನಾನು ಆರಿಸಿದ್ದಕ್ಕಿಂತ ಚೆನ್ನಾಗಿ ಹೊಂದಿರುತ್ತವೆ. ಆಗ ನನ್ನ ಆಯ್ಕೆಯನ್ನು ಬದಿಗಿಟ್ಟು ಭರಣಿಯದನ್ನೇ ಪೋಣಿಸುತ್ತೇನೆ.